ತೊಡೆ ಲಿಫ್ಟ್ ಸರ್ಜರಿ ಮಾಡಿಸಬೇಕೇ? ಮೊದಲು ಹೆರಾಲ್ಡ್ ಗಿಲೀಸ್ ಬದುಕಿನ ಕಥೆ ಓದಿ

ಪ್ಲಾಸ್ಟಿಕ್ ಸರ್ಜರಿ ಬಗ್ಗೆ ವಾಟ್ಸಾಪ್ ಗ್ರೂಪುಗಳಲ್ಲಿ ಸಾಮಾನ್ಯವಾಗಿ ಎರಡು ಥರದ ಮೆಸೇಜು ಓಡಾಡುತ್ತವೆ. ದೇಹದೊಳಗೆ ಪ್ಲಾಸ್ಟಿಕ್ ತುಂಬುತ್ತಾರೆ, ಆಮೇಲೆ ಅದು ಕರಗಿ ರಕ್ತಕ್ಕೆ ಸೇರುತ್ತದೆ ಎನ್ನುವುದು ಒಂದು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು, ಗುರುತೂ ಉಳಿಯುವುದಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಇಲ್ಲಿನ ಪ್ಲಾಸ್ಟಿಕ್ ಎಂಬ ಪದ ಗ್ರೀಕ್ ಭಾಷೆಯದು. ಕುಂಬಾರ ಮಣ್ಣಿಗೆ ಆಕಾರ ಕೊಡುತ್ತಾನಲ್ಲ, ಹಾಗೆ ರೂಪ ಕೊಡುವುದು ಎಂದು ಅದರ ಅರ್ಥ. ನಮ್ಮ ಬಕೆಟ್ಟು, ಕವರುಗಳ ಪ್ಲಾಸ್ಟಿಕ್ ಹುಟ್ಟುವುದಕ್ಕೆ ಮೊದಲೇ ವೈದ್ಯರು ಈ ಪದ ಬಳಸುತ್ತಿದ್ದರು.

ಎರಡನೆಯ ಮೆಸೇಜು ಹೆಚ್ಚು ಅಪಾಯಕಾರಿ. ಬಟವಾಡಿಯಲ್ಲಿ ನಮ್ಮ ಪಕ್ಕದ ರಸ್ತೆಯ ಅಕ್ಕ ಒಬ್ಬರು ಎರಡು ವರ್ಷ ಕಷ್ಟಪಟ್ಟು ತುಂಬಾ ತೂಕ ಇಳಿಸಿಕೊಂಡರು. ಕೊಬ್ಬು ಹೋಯಿತು, ಒಳತೊಡೆಯ ಚರ್ಮ ಮಾತ್ರ ಜೋತು ಬಿತ್ತು. ಬೇಸಿಗೆಯಲ್ಲಿ ನಡೆದರೆ ಉಜ್ಜಿ ಉಜ್ಜಿ ಗಾಯ. ಬೆಂಗಳೂರಿಗೆ ಹೋಗಿ ತೊಡೆ ಲಿಫ್ಟ್ ಮಾಡಿಸಲೇ ಎಂದು ಅವರು ಕೇಳುತ್ತಿದ್ದರೆ, ಮನೆಯವರು ಇದೆಲ್ಲ ಶೋಕಿ ಎನ್ನುತ್ತಿದ್ದಾರೆ. ಇಂಥ ಪ್ರಶ್ನೆಗೆ ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಎಂದು ಕರೆಸಿಕೊಳ್ಳುವ ವೈದ್ಯ ಏನು ಕಲಿತ, ಹೇಗೆ ಕಲಿತ ಎಂಬುದನ್ನು ನೋಡಿದರೆ ಯೋಚಿಸಲು ಒಂದು ದಾರಿ ಸಿಗುತ್ತದೆ.

ಹೆರಾಲ್ಡ್ ಗಿಲೀಸ್ ಹುಟ್ಟಿದ್ದು 1882ರ ಜೂನ್ 17ರಂದು, ನ್ಯೂಜಿಲೆಂಡಿನ ಡ್ಯೂನೆಡಿನ್ ಊರಿನಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬಾಲ್ಯದಲ್ಲಿ ಮೊಣಕೈ ಮುರಿದು, ಅದು ಕೊನೆಯವರೆಗೂ ಪೂರ್ತಿ ಮಡಚಲು ಬರಲಿಲ್ಲ. ಆದರೂ ಕೇಂಬ್ರಿಡ್ಜ್‌ನಲ್ಲಿ ಓದುವಾಗ 1904ರ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕಿದರು, ಗಾಲ್ಫ್ ಆಟದಲ್ಲೂ ಹೆಸರು ಮಾಡಿದರು. ಲಂಡನ್ನಿನಲ್ಲಿ ವೈದ್ಯಕೀಯ ಮುಗಿಸಿ ಕಿವಿ, ಮೂಗು, ಗಂಟಲು ತಜ್ಞರಾದರು. ಯುದ್ಧ ಬರದಿದ್ದರೆ ಶ್ರೀಮಂತರ ಗಂಟಲು ನೋಡುತ್ತ ಆರಾಮಾಗಿ ಇರುತ್ತಿದ್ದರೇನೋ.

1915ರಲ್ಲಿ ರೆಡ್ ಕ್ರಾಸ್ ಮೂಲಕ ಫ್ರಾನ್ಸಿಗೆ ಹೋದರು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಕಂದಕದೊಳಗೆ ನಿಂತು ಹೋರಾಡುತ್ತಿದ್ದರು. ತಲೆ ಎತ್ತಿದರೆ ಮುಖಕ್ಕೇ ಪೆಟ್ಟು. ದವಡೆ ಹಾರಿಹೋದವರು, ಮೂಗಿಲ್ಲದವರು ಸಾಲುಸಾಲಾಗಿ ಬರುತ್ತಿದ್ದರು. ಅಲ್ಲಿ ವಲಾಡಿಯೆ ಎಂಬ ದಂತವೈದ್ಯ ಮುರಿದ ದವಡೆ ಜೋಡಿಸುವುದನ್ನು ಗಿಲೀಸ್ ಕಂಡರು. ಪ್ಯಾರಿಸ್ಸಿನಲ್ಲಿ ಮೊರೆಸ್ತಾಂ ಎಂಬ ಸರ್ಜನ್ ಮುಖದ ಗೆಡ್ಡೆ ತೆಗೆದು, ಆ ಜಾಗಕ್ಕೆ ಪಕ್ಕದ ಚರ್ಮವನ್ನೇ ಸರಿಸಿ ಮುಚ್ಚುವುದನ್ನು ನೋಡಿ ಬೆರಗಾದರು. ಮಾಡಬೇಕಾದ ಕೆಲಸ ಯಾವುದೆಂದು ಅಲ್ಲಿಗೆ ತೀರ್ಮಾನವಾಯಿತು.

ಇಂಗ್ಲೆಂಡಿಗೆ ಮರಳಿ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ 1916ರಲ್ಲಿ ಪ್ರತ್ಯೇಕ ವಾರ್ಡು ತೆರೆಸಿದರು. ಮುಖಕ್ಕೆ ಗಾಯವಾದವರನ್ನು ನೇರ ಅಲ್ಲಿಗೇ ಕಳುಹಿಸಲಿ ಎಂದು ಸ್ವಂತ ದುಡ್ಡಿನಲ್ಲಿ ವಿಳಾಸದ ಚೀಟಿಗಳನ್ನು ಕೊಂಡು ಯುದ್ಧಭೂಮಿಗೆ ಕಳಿಸಿದರು. ಅದೇ ವರ್ಷ ಸೋಮ್ ಕದನ ಶುರುವಾಯಿತು. ಇನ್ನೂರು ಜನರಿಗೆಂದು ಸಿದ್ಧತೆ ಮಾಡಿಕೊಂಡಿದ್ದರೆ ಬಂದವರು ಸುಮಾರು ಎರಡು ಸಾವಿರ. 1917ರಲ್ಲಿ ಸಿಡ್‌ಕಪ್‌ನಲ್ಲಿ ಇದಕ್ಕೆಂದೇ ದೊಡ್ಡ ಆಸ್ಪತ್ರೆ ಆರಂಭವಾಯಿತು. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿಗೆ ಒಟ್ಟು 11 ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಒಬ್ಬೊಬ್ಬರಿಗೆ ಎಷ್ಟು ಸಲ ಎಂದು ಲೆಕ್ಕ ಹಾಕಿ ನೋಡಿ. ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಹತ್ತಿರದ ರಸ್ತೆಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕುಳಿತವರ ಮುಖ ನೋಡಿ ಬೆಚ್ಚಬೇಡಿ ಎಂದು ಊರಿನವರಿಗೆ ಅದು ಸೂಚನೆ.

ಇಲ್ಲೊಂದು ನಮ್ಮ ನೆಲದ ಕಥೆ ಸೇರಿಕೊಳ್ಳುತ್ತದೆ. ಮೂಗು ಕಳೆದುಕೊಂಡವರಿಗೆ ಗಿಲೀಸ್ ಹಣೆಯ ಚರ್ಮವನ್ನು ಕೆಳಗೆ ತಿರುಗಿಸಿ ಮೂಗು ಮಾಡುತ್ತಿದ್ದರು. ಈ ಭಾರತೀಯ ವಿಧಾನ ಯುರೋಪಿಗೆ ತಿಳಿದದ್ದು ಮೈಸೂರು ಯುದ್ಧದಿಂದ. 1792ರಲ್ಲಿ ಬ್ರಿಟಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷದ ನಂತರ ಪುಣೆ ಕಡೆಯ ಒಬ್ಬ ದೇಶಿ ಚಿಕಿತ್ಸಕ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿದ. ಆ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅದನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದರು. ಅಂದಹಾಗೆ, ಹಣೆಯ ಚರ್ಮದ ಈ ವಿಧಾನ ಸುಶ್ರುತನದು ಎನ್ನುವ ಫಾರ್ವರ್ಡ್ ಅರ್ಧ ಮಾತ್ರ ನಿಜ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿವರ ಖಂಡಿತ ಇದೆ, ಆದರೆ ಅಲ್ಲಿ ಹೇಳಿರುವುದು ಕೆನ್ನೆಯ ಚರ್ಮ.

ಗಿಲೀಸ್ ಬದುಕಿನಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಗೆಲುವಲ್ಲ, ಒಂದು ಸೋಲು. ಹೆನ್ರಿ ಲಮ್ಲಿ ಎಂಬ ಯುವ ಪೈಲಟ್ 1916ರಲ್ಲಿ ವಿಮಾನ ಅಪಘಾತದಲ್ಲಿ ಸುಟ್ಟುಹೋಗಿದ್ದ. ಮುಖವೆಂಬುದೇ ಉಳಿದಿರಲಿಲ್ಲ. 1918ರ ಆರಂಭದಲ್ಲಿ ಗಿಲೀಸ್ ಅವನ ಎದೆಯಿಂದ ದೊಡ್ಡ ಚರ್ಮದ ಹಾಳೆಯನ್ನು ಎತ್ತಿ ಇಡೀ ಮುಖಕ್ಕೆ ಕೂರಿಸಿದರು. ಹುಡುಗ ಆಗಲೇ ನೋವಿನಿಂದ ಕುಗ್ಗಿ ಹೋಗಿದ್ದ. ಹೊಸ ಚರ್ಮಕ್ಕೆ ರಕ್ತ ಸಾಲಲಿಲ್ಲ, ಕೀವಾಯಿತು, ಕೊಳೆಯಿತು. ಮಾರ್ಚ್‌ನಲ್ಲಿ ಲಮ್ಲಿ ತೀರಿಕೊಂಡ. ಒಂದೇ ಸಲಕ್ಕೆ ಅಷ್ಟು ಮಾಡಬಾರದಿತ್ತು ಎಂಬುದು ಗಿಲೀಸ್‌ಗೆ ಗೊತ್ತಾಯಿತು. ಆಮೇಲೆ ಕೆಲಸವನ್ನು ಹಂತಹಂತವಾಗಿ ಮಾಡುವುದು ಅವರ ಪದ್ಧತಿಯಾಯಿತು.

ಅವರ ಹೆಸರು ಉಳಿಸಿದ ತಂತ್ರವೂ ರಕ್ತದ್ದೇ. 1917ರಲ್ಲಿ ಮುಖ ಸುಟ್ಟ ನಾವಿಕ ವಿಕರೇಜ್‌ಗೆ ಚಿಕಿತ್ಸೆ ಮಾಡುವಾಗ, ಎತ್ತಿದ ಚರ್ಮದ ಪಟ್ಟಿಯ ಅಂಚುಗಳು ತಾವಾಗಿ ಒಳಕ್ಕೆ ಸುರುಳಿಯಾಗುವುದನ್ನು ಗಿಲೀಸ್ ಗಮನಿಸಿದರು. ಅಂಚುಗಳನ್ನು ಸೇರಿಸಿ ಹೊಲಿದರೆ ಕೊಳವೆಯಾಗುತ್ತದೆ, ಒಳಗಿನ ರಕ್ತನಾಳ ಸುರಕ್ಷಿತ, ಸೋಂಕೂ ಕಡಿಮೆ. ಪೆನ್ಸಿಲಿನ್ ಇಲ್ಲದ ಕಾಲ ಅದು, ನೆನಪಿಡಿ. ಒಡೆಸ್ಸಾದಲ್ಲಿ ಫಿಲಾಟೊವ್ ಎಂಬ ವೈದ್ಯರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇದನ್ನೇ ಕಂಡುಕೊಂಡಿದ್ದರು. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಯುದ್ಧ ಮುಗಿದ ಮೇಲೆ ಸೈನಿಕರ ಸಂಖ್ಯೆ ಇಳಿಯಿತು. ಗಿಲೀಸ್ ಖಾಸಗಿ ಪ್ರಾಕ್ಟೀಸಿನಲ್ಲಿ ಅಂದದ ಶಸ್ತ್ರಚಿಕಿತ್ಸೆಗಳನ್ನೂ ಮಾಡತೊಡಗಿದರು. ಗಾಯ ಸರಿಪಡಿಸುವುದು ಮನುಷ್ಯನನ್ನು ಮೊದಲಿನ ಸ್ಥಿತಿಗೆ ತರುವ ಕೆಲಸ, ಅಂದಕ್ಕಾಗಿ ಮಾಡುವುದು ಸಹಜವನ್ನು ಮೀರಿ ಹೋಗುವ ಕೆಲಸ ಎಂದು ಅವರು ಗೆರೆ ಎಳೆದಿದ್ದರು. ಆದರೆ ಎರಡನೆಯದನ್ನು ಕೀಳು ಎಂದು ತಳ್ಳಲಿಲ್ಲ. ಕೇಳುತ್ತಿರುವವರ ನೆಮ್ಮದಿಯೂ ಅವರಿಗೆ ಲೆಕ್ಕಕ್ಕೆ ಬರುತ್ತಿತ್ತು.

ಅದೇ 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬೇರೆಯೇ ಒಂದು ಘಟನೆ ನಡೆಯಿತು. ಗಿಡ್ಡ ಸ್ಕರ್ಟಿನ ಫ್ಯಾಷನ್ ಬಂದಿತ್ತು. ಕಾಲು ತೆಳ್ಳಗಾಗಲಿ ಎಂದು ಬಂದ ಯುವತಿಗೆ ದ್ಯುಜಾರಿಯೆ ಎಂಬ ಹೆಸರಾಂತ ಸರ್ಜನ್ ಕೊಬ್ಬು ತೆಗೆದರು. ಕಾಲು ಕೊಳೆತು ಕತ್ತರಿಸಬೇಕಾಯಿತು. ನ್ಯಾಯಾಲಯ ಎರಡು ಲಕ್ಷ ಫ್ರಾಂಕ್ ಪರಿಹಾರ ವಿಧಿಸಿತು. ಹಳೆಯ ಕಾಲದ್ದು ಎಂದು ಬಿಡುವಂತಿಲ್ಲ. ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಅವರಿಗೆ 21 ವರ್ಷ.

1957ರಲ್ಲಿ ಗಿಲೀಸ್ ತಮ್ಮ ಶಿಷ್ಯ ಮಿಲಾರ್ಡ್ ಜೊತೆ ಎರಡು ಸಂಪುಟಗಳ ಪುಸ್ತಕ ಹೊರತಂದರು. ಅದರ ತತ್ವಗಳಲ್ಲಿ ಮೊದಲು ಬರುವುದು ಗಮನವಿಟ್ಟು ನೋಡುವುದು. ಯೋಜನೆ ಮಾಡಿಕೊಳ್ಳಬೇಕು, ಅದು ಕೈಕೊಟ್ಟರೆ ಇನ್ನೊಂದು ದಾರಿ ಮೊದಲೇ ಸಿದ್ಧವಿರಬೇಕು, ನಾಳೆಗೆ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಯನ್ನು ಇವತ್ತೇ ಮಾಡಬಾರದು ಎಂಬುದೂ ಅವುಗಳಲ್ಲಿ ಸೇರಿವೆ. ಕಾಕತಾಳೀಯವೆಂಬಂತೆ, ತೊಡೆ ಲಿಫ್ಟ್ ಬಗ್ಗೆ ಲೂಯಿಸ್ ಎಂಬ ಅಮೆರಿಕದ ಸರ್ಜನ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದೂ ಅದೇ ವರ್ಷ.

ಈಗ ಅಕ್ಕನ ಪ್ರಶ್ನೆಗೆ ಈ ತತ್ವಗಳನ್ನು ಹಚ್ಚಿ ನೋಡೋಣ. ತೊಡೆ ಲಿಫ್ಟ್ ಎಂದರೆ ತೂಕ ಇಳಿಸುವ ಉಪಾಯ ಅಲ್ಲ. ಜೋತುಬಿದ್ದ ಚರ್ಮವನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಹೊಲಿಯುವುದು. ಲಿಪೊಸಕ್ಷನ್ ಬೇರೆ. ಅದು ಕೊಬ್ಬು ಹೀರುತ್ತದೆ, ಜೋತ ಚರ್ಮ ಹಾಗೇ ಉಳಿಯಬಹುದು. ವ್ಯಾಯಾಮದಿಂದ ಸ್ನಾಯು ಬೆಳೆಯುತ್ತದೆ, ಇಷ್ಟು ಹಿಗ್ಗಿದ ಚರ್ಮ ಕುಗ್ಗುವುದಿಲ್ಲ. ಕ್ರೀಮಿಗೂ ಆ ಶಕ್ತಿ ಇಲ್ಲ. ಆದ್ದರಿಂದ ಉಜ್ಜಿ ಗಾಯವಾಗುವ ಕಷ್ಟ ನಿಜವಾಗಿದ್ದರೆ ಅದನ್ನು ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಗುರುತು ಉಳಿದೇ ಉಳಿಯುತ್ತದೆ. ತೊಡೆಸಂದಿಯ ಗೆರೆಯಲ್ಲಿ, ಚರ್ಮ ಹೆಚ್ಚಿದ್ದರೆ ಮೊಣಕಾಲಿನವರೆಗೂ. ಜೋತು ಕಾಣುವ ತೊಡೆಯ ಬದಲು ಉದ್ದನೆಯ ಗೀರು ಒಪ್ಪಿಗೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಬೇಕು. ತೊಡೆಸಂದಿ ಬೆವರುವ ಜಾಗ, ಕೂತರೆ ಎದ್ದರೆ ಎಳೆಯುವ ಜಾಗ. ಹೊಲಿಗೆ ಬಿಡುವುದು, ನೀರು ತುಂಬುವುದು, ಸೋಂಕು ಇಲ್ಲಿ ಅಪರೂಪವಲ್ಲ. ದುಗ್ಧನಾಳಗಳಿಗೆ ಪೆಟ್ಟಾದರೆ ಕಾಲು ಊದುತ್ತದೆ. ಗೀರು ಕೆಳಕ್ಕೆ ಜಾರಿ ಗುಪ್ತಾಂಗದ ಅಂಚು ಎಳೆದಂತಾಗಬಹುದು. ಎಲ್ಲಕ್ಕಿಂತ ಗಂಭೀರವಾದದ್ದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಅಪರೂಪ, ಆದರೆ ಪ್ರಾಣಕ್ಕೇ ಕುತ್ತು.

ಹಾಗಾಗಿ ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಲಿ. ಮತ್ತೆ ದಪ್ಪಗಾಗಿ ಇಳಿದರೆ ಮಾಡಿಸಿದ್ದು ವ್ಯರ್ಥ. ಮುಂದೆ ಮಗು ಬೇಕು ಎಂದಿದ್ದರೆ ಸಾಮಾನ್ಯವಾಗಿ ಅದಾದ ಮೇಲೆಯೇ ಮಾಡಿಸುವುದು ವಾಸಿ. ಸಿಗರೇಟು ರಕ್ತ ಹರಿವನ್ನು ತಗ್ಗಿಸುತ್ತದೆ, ವಾರಗಳ ಮೊದಲೇ ಬಿಡಬೇಕು. ಶುಗರ್ ಹತೋಟಿಯಲ್ಲಿರಬೇಕು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯೇ, ಅರಿವಳಿಕೆ ತಜ್ಞರು ಯಾರು, ತೊಂದರೆಯಾದರೆ ಐಸಿಯು ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಗಿಲೀಸ್ ಆಸ್ಪತ್ರೆಯಲ್ಲೇ ಮೆಗಿಲ್ ಮತ್ತು ರೋಬಾತಮ್ ಎಂಬ ಅರಿವಳಿಕೆ ವೈದ್ಯರು ಗಂಟಲಿನೊಳಗೆ ಕೊಳವೆ ಇಳಿಸಿ ಉಸಿರಾಟ ಕಾಯುವ ವಿಧಾನವನ್ನು ಬೆಳೆಸಿದರು. ಅದಿಲ್ಲದಿದ್ದರೆ ಗಿಲೀಸ್ ಕೈಚಳಕ ಎಷ್ಟಿದ್ದೂ ಪ್ರಯೋಜನ ಇರುತ್ತಿರಲಿಲ್ಲ.

ಬಟವಾಡಿಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಡ್ರೆಸಿಂಗ್‌ಗೆ, ಹೊಲಿಗೆ ತೋರಿಸಲು ಎಷ್ಟು ಸಲ ಹೋಗಬೇಕು, ಜೊತೆಗೆ ಬರುವವರು ಯಾರು, ಕೆಲವು ವಾರ ಮನೆಕೆಲಸ ನೋಡುವವರು ಯಾರು? ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಎಂದರೆ ಎದ್ದು ಬನ್ನಿ.

ಗಿಲೀಸ್‌ಗೆ 1930ರಲ್ಲಿ ಸರ್ ಪದವಿ ಬಂತು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಸೈನಿಕರ ಸೇವೆ. 1946ರಲ್ಲಿ ಬ್ರಿಟನ್ನಿನ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಮೊದಲ ಅಧ್ಯಕ್ಷರಾದರು. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕಲು ಬಯಸಿದ ಮೈಕಲ್ ಡಿಲನ್‌ಗೆ ಅದೇ ವರ್ಷದಿಂದ ಹಲವು ಶಸ್ತ್ರಚಿಕಿತ್ಸೆ ಮಾಡಿದರು. ಸಮಾಜ ಒಪ್ಪದ ಕಾಲದಲ್ಲಿ, ಗುಟ್ಟು ಬಿಡದೆ.

ಕೊನೆಯವರೆಗೂ ಕತ್ತರಿ ಕೆಳಗಿಡಲಿಲ್ಲ. 1960ರ ಆಗಸ್ಟ್‌ನಲ್ಲಿ, 78ನೆಯ ವಯಸ್ಸಿನಲ್ಲಿ, ಹದಿನೆಂಟರ ಹುಡುಗಿಯೊಬ್ಬಳ ಜಖಂಗೊಂಡ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿರುವಾಗಲೇ ಗಿಲೀಸ್‌ಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ತೀರಿಕೊಂಡರು.