ಹಳ್ಳಿಯ ಮಕ್ಕಳ ಕೈಗೆ ಅಚ್ಚುಮೊಳೆಯನ್ನಿತ್ತ ಗುರು: ಸೆಲೆಸ್ತಾಂ ಫ್ರೆನೆ

ಮಗುವಿಗೆ ಅಕ್ಷರವನ್ನು ತಿದ್ದಿಸುವುದು ಒಂದು ಕಾರ್ಯ. ಆ ಅಕ್ಷರಗಳಿಂದ ತನ್ನ ಮಾತನ್ನು ತಾನೇ ಬರೆಯುವಂತೆ ಮಾಡುವುದು ಬೇರೆಯೇ ಕಾರ್ಯ. ಪುಸ್ತಕವಿಲ್ಲದ ಮನೆಯಿಂದ ಬಂದ ಹಳ್ಳಿಯ ಮಗುವಿನ ವಿಷಯದಲ್ಲಿ ಈ ಎರಡನೆಯದು ಇನ್ನೂ ಕಠಿಣ. ಇದಕ್ಕಾಗಿಯೇ ಆಯುಷ್ಯವನ್ನು ಸವೆಸಿದ ಶಿಕ್ಷಕರಲ್ಲಿ ಫ್ರಾನ್ಸ್ ದೇಶದ ಸೆಲೆಸ್ತಾಂ ಫ್ರೆನೆಯವರು ಅಗ್ರಗಣ್ಯರು.

ಫ್ರೆನೆಯವರು 1896ರ ಅಕ್ಟೋಬರ್ 15ರಂದು ದಕ್ಷಿಣ ಫ್ರಾನ್ಸಿನ ಗುಡ್ಡಗಾಡಿನ ಗಾರ್ಸ್ ಎಂಬ ಪುಟ್ಟ ಗ್ರಾಮದಲ್ಲಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ನೀಸ್ ನಗರದಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿದ್ದಾಗಲೇ ಮೊದಲನೆಯ ಮಹಾಯುದ್ಧಕ್ಕೆ ಕರೆ ಬಂದಿತು. 1917ರಲ್ಲಿ ಗುಂಡು ತಗುಲಿ ಶ್ವಾಸಕೋಶಕ್ಕೆ ತೀವ್ರ ಗಾಯವಾಯಿತು. ಸುದೀರ್ಘ ಶುಶ್ರೂಷೆಯ ನಂತರವೂ ಅವರು ಪೂರ್ಣ ಆರೋಗ್ಯವನ್ನು ಪಡೆಯಲಿಲ್ಲ. ಆದರೂ ಅಧ್ಯಾಪನವನ್ನು ತೊರೆಯಲೊಪ್ಪದೆ 1920ರಲ್ಲಿ ಬಾರ್-ಸೂರ್-ಲೂ ಎಂಬ ಹಳ್ಳಿಯ ಶಾಲೆಯಲ್ಲಿ ಕಿರಿಯ ತರಗತಿಯ ಶಿಕ್ಷಕರಾದರು.

ಹೆಚ್ಚು ಹೊತ್ತು ಗಟ್ಟಿಯಾಗಿ ಮಾತನಾಡಿದರೆ ಉಸಿರು ಕಟ್ಟುತ್ತಿತ್ತು. ಪಾಠಪುಸ್ತಕದ ವಾಕ್ಯಗಳಲ್ಲಿ ಮಕ್ಕಳ ಮನಸ್ಸು ನಿಲ್ಲುತ್ತಿರಲಿಲ್ಲ. ಆದರೆ ಮಧ್ಯಾಹ್ನ ಮಕ್ಕಳನ್ನು ಹೊಲಗದ್ದೆಗಳಿಗೂ ಕುಶಲಕರ್ಮಿಗಳ ಬಳಿಗೂ ಕರೆದೊಯ್ದಾಗ ಅವರ ಕಣ್ಣುಗಳು ಅರಳುತ್ತಿದ್ದವು. ಮರಳಿ ಬಂದ ಮೇಲೆ ಮಕ್ಕಳು ಹೇಳಿದ್ದನ್ನು ಗುರುಗಳು ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಸಂಜೆ ಹಲಗೆಯನ್ನು ಒರೆಸಿದೊಡನೆ ಆ ಬರಹವೆಲ್ಲ ಅಳಿದುಹೋಗುತ್ತಿತ್ತು. ಅದನ್ನು ಉಳಿಸುವ ಬಗೆಯನ್ನು ಹುಡುಕಿದ ಫ್ರೆನೆಯವರು ಚಿಕ್ಕದೊಂದು ಕೈಮುದ್ರಣ ಯಂತ್ರವನ್ನು ಕೊಂಡುತಂದು 1924ರ ಸುಮಾರಿಗೆ ತರಗತಿಯಲ್ಲಿ ಬಳಸತೊಡಗಿದರು.

ಅವರ ಪದ್ಧತಿ ಸರಳವಾದುದು. ಮಗು ತನಗೆ ಹೇಳಬೇಕೆನಿಸಿದ್ದನ್ನು ಬರೆಯುತ್ತದೆ ಮತ್ತು ತರಗತಿಯ ಮುಂದೆ ಓದುತ್ತದೆ. ಮಕ್ಕಳೆಲ್ಲರೂ ಮತ ನೀಡಿ ಒಂದು ಬರಹವನ್ನು ಆರಿಸುತ್ತಾರೆ. ಆ ಬರಹವು ಕರಿಹಲಗೆಯನ್ನೇರಿ, ಬರೆದವನ ಸಮ್ಮುಖದಲ್ಲಿಯೇ ಎಲ್ಲರಿಂದಲೂ ತಿದ್ದಲ್ಪಡುತ್ತದೆ. ಅನಂತರ ಮಕ್ಕಳು ಒಂದೊಂದೇ ಮೊಳೆಯನ್ನು ಜೋಡಿಸಿ, ಮಸಿ ಹಚ್ಚಿ, ಹಾಳೆಗಳನ್ನು ಅಚ್ಚು ಮಾಡುತ್ತಾರೆ. ಮೊಳೆಯನ್ನು ಕೈಯಲ್ಲಿ ಹಿಡಿದ ಮಗುವಿಗೆ ಕಾಗುಣಿತದ ದೋಷ ಕಣ್ಣಿಗೆ ಬೀಳದೆ ಇರದು. ಪ್ರತಿಯೊಂದು ಪದವನ್ನೂ ಬೆರಳಿನಿಂದ ಕಟ್ಟಬೇಕಾದುದರಿಂದ ಅನಗತ್ಯವಾದ ಪದ ತಾನಾಗಿಯೇ ಉದುರಿಹೋಗುತ್ತದೆ.

ಆದರೆ ಓದುವವರಿಲ್ಲದ ಬರಹಕ್ಕೆ ಬೆಲೆಯೇನು? 1926ರಲ್ಲಿ ಬ್ರಿಟನಿ ಪ್ರಾಂತದ ತ್ರೆಗುಂಕ್ ಎಂಬ ಕಡಲತೀರದ ಊರಿನ ಶಿಕ್ಷಕ ರೆನೆ ದಾನಿಯೆಲ್ ಅವರೂ ಮುದ್ರಣ ಯಂತ್ರವನ್ನು ಪಡೆದರು. ದೇಶದ ಎರಡು ಅಂಚುಗಳಲ್ಲಿದ್ದ ಈ ಶಾಲೆಗಳು ಅಂಚೆಯ ಮೂಲಕ ಒಂದೇ ತರಗತಿಯಂತಾದವು. ಬೆಟ್ಟದ ಮಕ್ಕಳ ಬದುಕನ್ನು ಮೀನುಗಾರರ ಮಕ್ಕಳೂ, ಅವರ ಬದುಕನ್ನು ಇವರೂ ಓದಿದರು. ಅರ್ಧ ಪಾಠ ಕೊಠಡಿಯೊಳಗೆ, ಅರ್ಧ ಪಾಠ ದೂರದಿಂದ. ದೂರದ ಗೆಳೆಯನಿಗೆ ಅರ್ಥವಾಗಬೇಕೆಂಬ ಹಂಬಲವೇ ಸ್ಪಷ್ಟವಾಗಿ ಬರೆಯಲು ಕಾರಣವಾಯಿತು. ಶಿಕ್ಷಕರ ಸಹಕಾರ ಸಂಘವೊಂದು ಹುಟ್ಟಿಕೊಂಡು, ಈ ಪದ್ಧತಿಗೆ ಬೇಕಾದ ಸಾಧನಗಳನ್ನು ಶಾಲೆಗಳಿಗೆ ಒದಗಿಸತೊಡಗಿತು.

1928ರಲ್ಲಿ ಫ್ರೆನೆಯವರೂ ಅವರ ಪತ್ನಿ ಎಲೀಸ್ ಅವರೂ ಸೇಂಟ್-ಪಾಲ್ ಎಂಬ ಊರಿಗೆ ಬಂದರು. ಅಲ್ಲಿ ಕಠೋರ ಪರೀಕ್ಷೆ ಕಾದಿತ್ತು. 1932ರ ಡಿಸೆಂಬರಿನಲ್ಲಿ, ಒಬ್ಬ ಬಾಲಕ ತನ್ನ ಕನಸನ್ನು ಕುರಿತು ಬರೆದಿದ್ದ ಬರಹವನ್ನು ವಿರೋಧಿಗಳು ಊರಿನ ಗೋಡೆಗಳ ಮೇಲೆ ಅಂಟಿಸಿ, ಗುರುವು ಮಕ್ಕಳನ್ನು ಕೆಡಿಸುತ್ತಿರುವನೆಂದು ಕೂಗೆಬ್ಬಿಸಿದರು. ವಿವಾದ ಪತ್ರಿಕೆಗಳಿಗೂ ಹಬ್ಬಿತು. ಮಕ್ಕಳಿಗೆ ನೀಡಿದ್ದ ಬರವಣಿಗೆಯ ಸ್ವಾತಂತ್ರ್ಯವನ್ನು ಕಸಿದುಕೊಂಡಿದ್ದರೆ ಕೆಲಸ ಉಳಿಯುತ್ತಿತ್ತೇನೋ. ಫ್ರೆನೆಯವರು ಹಾಗೆ ಮಾಡಲಿಲ್ಲ. 1933ರಲ್ಲಿ ಆ ಊರನ್ನು ಬಿಡಬೇಕಾಯಿತು. 1935ರಲ್ಲಿ ಸಮೀಪದ ವಾಂಸ್ ಪಟ್ಟಣದ ಗುಡ್ಡದ ಮೇಲೆ ತಮ್ಮದೇ ಶಾಲೆಯನ್ನು ತೆರೆದರು. ಸ್ಪೇನಿನ ಅಂತರ್ಯುದ್ಧದಲ್ಲಿ ನಿರಾಶ್ರಿತರಾದ ಮಕ್ಕಳಿಗೂ ಅಲ್ಲಿ ಆಶ್ರಯ ದೊರೆಯಿತು.

ಎರಡನೆಯ ಮಹಾಯುದ್ಧದಲ್ಲಿ, 1940ರ ಮಾರ್ಚಿನಲ್ಲಿ, ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದ ಫ್ರೆನೆಯವರನ್ನು ಸರಕಾರವು ಬಂಧಿಸಿ ಶಿಬಿರಗಳಲ್ಲಿರಿಸಿತು. 1941ರಲ್ಲಿ ಬಿಡುಗಡೆ ದೊರೆಯುವ ವೇಳೆಗೆ ದೇಹ ಇನ್ನಷ್ಟು ಜರ್ಜರಿತವಾಗಿತ್ತು. ಯುದ್ಧಾನಂತರ ಶಾಲೆಯನ್ನು ಮತ್ತೆ ಕಟ್ಟಿದರು. ಅವರ ಆರಂಭದ ಅನುಭವಗಳನ್ನು ಆಧರಿಸಿದ ಚಲನಚಿತ್ರವೊಂದು 1949ರಲ್ಲಿ ತೆರೆಕಂಡಿತು. 1957ರಲ್ಲಿ ಅವರ ಪದ್ಧತಿಯನ್ನು ಅನುಸರಿಸುವ ಶಿಕ್ಷಕರ ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪಿತವಾಯಿತು. 1966ರ ಅಕ್ಟೋಬರ್ 8ರಂದು ವಾಂಸ್‌ನಲ್ಲಿ ಫ್ರೆನೆಯವರು ನಿಧನರಾದರು. ಹುಟ್ಟೂರಾದ ಗಾರ್ಸ್‌ನಲ್ಲಿಯೇ ಅವರ ಸಮಾಧಿಯಿದೆ. ಯಾವ ಸರಕಾರದ ಸೇವೆಯಿಂದ ಅವರು ಹೊರಬರಬೇಕಾಯಿತೋ ಅದೇ ಸರಕಾರ 1991ರಲ್ಲಿ ವಾಂಸ್‌ನ ಶಾಲೆಯನ್ನು ತನ್ನದಾಗಿಸಿಕೊಂಡಿತು.

2020ರಲ್ಲಿ ಮಹಾಮಾರಿಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ, ಅರ್ಧ ಶಾಲೆಯಲ್ಲಿ ಅರ್ಧ ಮನೆಯಲ್ಲಿ ಕಲಿಸುವ ಸಂದರ್ಭ ನಮ್ಮ ಹಳ್ಳಿಗಳಿಗೂ ಬಂದಿತು. ಯಂತ್ರಗಳು ಬದಲಾದರೂ ಫ್ರೆನೆಯವರು ತೋರಿದ ಮೂಲತತ್ತ್ವ ಬದಲಾಗಿಲ್ಲ. ಹೇಳಲು ತನ್ನದೊಂದು ಮಾತು, ಅದನ್ನು ಕಾದು ಓದುವ ಒಬ್ಬ ಗೆಳೆಯ, ತಾಳ್ಮೆಯಿಂದ ತಿದ್ದುವ ಒಬ್ಬ ಗುರು: ಇವು ಮೂರೂ ಕೂಡಿದಲ್ಲಿ ಹಳ್ಳಿಯ ಮಗು ಬರೆಯದೆ ಇರಲಾರದು. ಉಸಿರಿಗಾಗಿ ಹೋರಾಡುತ್ತಲೇ ಮಕ್ಕಳಿಗೆ ದನಿಯಿತ್ತ ಆ ಶಿಕ್ಷಕನ ಬಾಳು ಶಿಕ್ಷಕರಿಗೂ ಶಿಕ್ಷಣ ಪೋಷಕರಿಗೂ ಸದಾ ಸ್ಫೂರ್ತಿದಾಯಕವಾದುದು.