ಕವಿಚರಿತೆಕಾರರ ಸತ್ಯನಿಷ್ಠೆ: ಆರ್. ನರಸಿಂಹಾಚಾರ್ಯರು

ಪ್ರಾಚೀನ ಕನ್ನಡ ಕವಿಯೊಬ್ಬನ ಕಾಲ, ಮತ, ಆಶ್ರಯದಾತ, ಕೃತಿಗಳ ವಿಷಯ ತಿಳಿಯಬೇಕಾದಾಗ ಕನ್ನಡ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳುವುದು ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು. ಹಾಗೆ ಕೈಗೆತ್ತಿಕೊಂಡುದನ್ನು ಬಾಯಿಬಿಟ್ಟು ಹೇಳುವವರ ಸಂಖ್ಯೆ ಮಾತ್ರ ಅದಕ್ಕಿಂತ ಕಡಿಮೆ. ಈ ಆಕರದಿಂದ ಹೆಸರು ಹೇಳದೆ ಪಡೆದ ಸಾಲಕ್ಕೆ ಲೆಕ್ಕವಿಲ್ಲ. ಸ್ವತಃ ಅದರ ಕರ್ತೃವಾದರೋ ಪಡೆದ ಸಾಲವನ್ನು ಕಾಸು ಕಾಸಿಗೂ ಬರೆದಿಟ್ಟವರು. ಆದುದರಿಂದಲೇ ಈ ಸಂಸ್ಮರಣ ಸಂಪುಟದಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ನರಸಿಂಹಾಚಾರ್ಯರು ಜನಿಸಿದುದು 1860ರಲ್ಲಿ, ಮಂಡ್ಯದ ಬಳಿಯ ಕೊಪ್ಪಲಿನಲ್ಲಿ, ಶ್ರೀವೈಷ್ಣವ ಮನೆತನದಲ್ಲಿ. ಮದರಾಸು ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಎಂ.ಎ. ಪದವಿ ಪಡೆದವರಲ್ಲಿ ಅವರೇ ಮೊದಲಿಗರೆಂಬುದು ಪ್ರಸಿದ್ಧವಾದ ಸಂಗತಿ. 1899ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯನ್ನು ಸೇರಿ ಬಿ.ಎಲ್. ರೈಸರ ಸಹಾಯಕರಾದರು. 1906ರಲ್ಲಿ ರೈಸರು ನಿವೃತ್ತರಾದಾಗ ಇಲಾಖೆಯ ಹೊಣೆ ಇವರಿಗೆ ಬಂದು, 1922ರವರೆಗೂ ಇವರಲ್ಲಿಯೇ ಉಳಿಯಿತು. 1918ರಲ್ಲಿ ಧಾರವಾಡದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಪ್ರಾಕ್ತನವಿಮರ್ಶವಿಚಕ್ಷಣ, ರಾವ್ ಬಹದ್ದೂರ್, ಮಹಾಮಹೋಪಾಧ್ಯಾಯ ಎಂಬ ಬಿರುದುಗಳೂ ಸಂದವು. ಬಿರುದುಗಳ ಮಾತನ್ನು ಇಲ್ಲಿಗೇ ಬಿಡೋಣ, ಮುಖ್ಯವಾದುದು ಕವಿಚರಿತೆ.

ಅದರ ಮೊದಲ ಸಂಪುಟ ಹೊರಬಂದುದು 1907ರಲ್ಲಿ. ಆ ಕಾರ್ಯದಲ್ಲಿ ಅವರ ಜೊತೆಗಿದ್ದವರು ಎಸ್.ಜಿ. ನರಸಿಂಹಾಚಾರ್ಯರು. ‘ಕಾವ್ಯಮಂಜರಿ’ಯ ಮೂಲಕ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದವರಲ್ಲಿ ಒಬ್ಬರಾಗಿದ್ದ ಆ ವಿದ್ವಾಂಸರು ಅದೇ ವರ್ಷ ತೀರಿಕೊಂಡರು. ಗ್ರಂಥದ ಮೇಲೆ ಇಬ್ಬರ ಹೆಸರೂ ನಿಂತಿತು. ಇಂದು ನಾವು ಕವಿಚರಿತೆಯನ್ನು ಆರ್. ನರಸಿಂಹಾಚಾರ್ಯರೊಬ್ಬರದೇ ಎಂಬಂತೆ ಹೇಳಿಬಿಡುತ್ತೇವೆ. ಅದು ನಮ್ಮ ಮರೆವು, ಅವರದಲ್ಲ. ಎರಡನೆಯ ಸಂಪುಟ 1919ರಲ್ಲಿ, ಮೂರನೆಯದು 1929ರಲ್ಲಿ ಬಂದವು. ಸಾವಿರಕ್ಕೂ ಮಿಕ್ಕ ಕವಿಗಳ ವಿಷಯ ಅಲ್ಲಿ ಸೇರಿದೆ. ಅವರಲ್ಲಿ ಬಹುಮಂದಿಯ ಕೃತಿಗಳು ಆಗ ಓಲೆಗರಿಗಳಲ್ಲಿಯೂ ಕಡತಗಳಲ್ಲಿಯೂ ಮಾತ್ರ ಇದ್ದವು. ಜೈನ, ವೀರಶೈವ, ಬ್ರಾಹ್ಮಣ ಎಂಬ ಭೇದ ಅವರ ಅಳತೆಗೋಲನ್ನು ಎಲ್ಲಿಯೂ ಬಾಗಿಸಲಿಲ್ಲ.

ಅವರ ಬರವಣಿಗೆಯ ಕ್ರಮವನ್ನು ಗಮನಿಸಬೇಕು. ಕವಿಯ ಹೆಸರಿನೊಡನೆ ಕಾಲ. ಆಮೇಲೆ ಕವಿ ತನ್ನ ವಿಷಯವಾಗಿ ಹೇಳಿಕೊಂಡುದೇನು, ಪೂರ್ವಕವಿಗಳಲ್ಲಿ ಯಾರನ್ನು ಸ್ಮರಿಸಿದ್ದಾನೆ, ಮುಂದಿನವರಲ್ಲಿ ಯಾರು ಇವನನ್ನು ಸ್ಮರಿಸಿದ್ದಾರೆ, ಶಾಸನಗಳು ಏನು ಹೇಳುತ್ತವೆ ಎಂಬ ವಿಚಾರ. ಕೊನೆಗೆ ಗ್ರಂಥದಿಂದ ಆಯ್ದ ಪದ್ಯಗಳು. ಊಹೆಗೆ ಆಧಾರವೇನೆಂಬುದು ಓದುಗನ ಕಣ್ಣೆದುರಿನಲ್ಲಿಯೇ ಇರುತ್ತದೆ. ಒಪ್ಪದವನು ಅಲ್ಲಿಯೇ ಎದ್ದು ವಾದಿಸಬಹುದು. ಪಂಪ ತನ್ನ ಆದಿಪುರಾಣ ಮುಗಿದ ಶಕವರ್ಷವನ್ನು ತಾನೇ ಹೇಳಿರುವುದರಿಂದ ಅವನಿಗೆ 941 ಎಂಬ ವರ್ಷ ನಿಸ್ಸಂದೇಹವಾಗಿ ನಿಲ್ಲುತ್ತದೆ. ನೇಮಿಚಂದ್ರ ಹಾಗೆ ಹೇಳಿಲ್ಲ; ಆದುದರಿಂದ ಅವನಿಗೆ ಸು. 1170. ಈ ‘ಸು.’ ಎಂಬ ಒಂದಕ್ಷರ ಸುಮಾರು ಎಂಬುದರ ಸಂಕ್ಷೇಪವೆಂದು ಎಲ್ಲರೂ ಬಲ್ಲರು. ಆದರೆ ನೂರಾರು ಕವಿಗಳ ಹೆಸರಿನ ಮುಂದೆ ಬೇಸರವಿಲ್ಲದೆ ಅದನ್ನು ಬರೆಯುತ್ತ ಹೋದವರಿಗೆ ತಮ್ಮ ತಿಳಿವಳಿಕೆಯ ಎಲ್ಲೆ ಎಲ್ಲಿ ಎಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದಿಂದ ಮಹಾಪ್ರಬಂಧವೊಂದು ನನ್ನಲ್ಲಿಗೆ ಪರೀಕ್ಷಣೆಗೆ ಬಂದಿತ್ತು. ಅದರ ಎರಡನೆಯ ಅಧ್ಯಾಯದ ಎಂಟು ಪುಟಗಳು ಕವಿಚರಿತೆಯವು. ಕ್ರಿಯಾಪದಗಳನ್ನು ಹೊಸಗನ್ನಡಕ್ಕೆ ಇನ್ನಷ್ಟು ಸಮೀಪ ತಂದಿದ್ದುದೊಂದೇ ಅಭ್ಯರ್ಥಿಯ ಸ್ವಂತ ಕೊಡುಗೆ. ಅಡಿಟಿಪ್ಪಣಿಯಿರಲಿಲ್ಲ. ಅದಕ್ಕಿಂತ ನನ್ನನ್ನು ನೋಯಿಸಿದುದು ಬೇರೊಂದು: ಕವಿಗಳ ಕಾಲಗಳಿಂದ ‘ಸು.’ ಕಾಣೆಯಾಗಿತ್ತು. ಆಚಾರ್ಯರು ಊಹೆಯೆಂದು ಬರೆದುದು ಇಲ್ಲಿ ನಿರ್ಣಯವಾಗಿ ಕುಳಿತು, ಮುಂದಿನ ಅಧ್ಯಾಯದಲ್ಲಿ ಆ ನಿರ್ಣಯದ ಮೇಲೆ ಒಂದು ವಾದವೇ ಕಟ್ಟಲ್ಪಟ್ಟಿತ್ತು. ನಾನು ಪ್ರಬಂಧವನ್ನು ತಿದ್ದುಪಡಿಗೆ ಹಿಂದಿರುಗಿಸಿದೆ. ಕವಿಚರಿತೆ ಎಲ್ಲರ ಸ್ವತ್ತಲ್ಲವೇ ಎಂದು ಮಾರ್ಗದರ್ಶಕರು ದೂರವಾಣಿಯಲ್ಲಿ ಬೇಸರಪಟ್ಟುಕೊಂಡರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಕೃತಿಚೌರ್ಯವನ್ನು ಪ್ರತಿಶತದಲ್ಲಿ ಅಳೆಯುತ್ತದೆ; ಹೋಲಿಕೆ 10ರವರೆಗೆ ಇದ್ದರೆ ದಂಡವಿಲ್ಲ, 60 ಮೀರಿದರೆ ಸಂಶೋಧಕನ ನೋಂದಣಿಯೇ ರದ್ದು. ಇಂಥ ಅಳತೆ ಬೇಕು, ನಿಜ. ಆದರೆ ಬಿದ್ದುಹೋದ ಒಂದು ‘ಸು’ಕಾರ ಯಾವ ಪ್ರತಿಶತದ ಲೆಕ್ಕಕ್ಕೂ ಸಿಕ್ಕುವುದಿಲ್ಲ.

ನರಸಿಂಹಾಚಾರ್ಯರು ತಮ್ಮ ಬರಹವನ್ನೇ ಕೊನೆಯ ಮಾತೆಂದು ತಿಳಿದವರಲ್ಲ. ಮೊದಲ ಸಂಪುಟವನ್ನು ಹದಿನೇಳು ವರ್ಷಗಳ ಅನಂತರ, 1924ರಲ್ಲಿ, ಪರಿಷ್ಕರಿಸಿ ಮತ್ತೆ ಅಚ್ಚುಮಾಡಿಸಿದರು. ಅಷ್ಟರಲ್ಲಿ ಅವರಿಗೆ ವಯಸ್ಸು ಅರವತ್ತು ದಾಟಿತ್ತು. ಹಿರಿಯರ ಕೆಲಸವನ್ನು ತಿದ್ದುವ ಪ್ರಸಂಗದಲ್ಲಿಯೂ ಅವರ ನಡೆ ಅಷ್ಟೇ ಹದವಾದುದು. ಶ್ರವಣಬೆಳಗೊಳದ ಶಾಸನಗಳನ್ನು ರೈಸರು 1889ರಲ್ಲಿ ಪ್ರಕಟಿಸಿದಾಗ ಅಲ್ಲಿದ್ದುದು 144. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ 500. ಮುಂದೆ 1973ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಆವೃತ್ತಿ ಅದನ್ನು 573ಕ್ಕೆ ಏರಿಸಿತು. ಭದ್ರಬಾಹು-ಚಂದ್ರಗುಪ್ತರು ಬೆಳಗೊಳಕ್ಕೆ ಬಂದರೆಂಬ ಜೈನ ಐತಿಹ್ಯದ ವಿಷಯದಲ್ಲಿ ರೈಸ್ ಮತ್ತು ಫ್ಲೀಟರ ನಡುವೆ ತೀಕ್ಷ್ಣವಾದ ವಾದ ನಡೆದಿತ್ತು. ಆಚಾರ್ಯರು ಎಲ್ಲ ಆಧಾರಗಳನ್ನೂ ಹರಡಿಟ್ಟು ತೂಗಿ, ಐತಿಹ್ಯಕ್ಕೆ ಸ್ವಲ್ಪಮಟ್ಟಿನ ನೆಲೆಯುಂಟೆಂದಷ್ಟೇ ಹೇಳಿ ನಿಲ್ಲಿಸಿದರು. ತಾವು ಸೇವೆ ಸಲ್ಲಿಸಿದ ಹಿರಿಯ ಅಧಿಕಾರಿಯ ಪಕ್ಷವೆಂದು ಅವರ ಮಾತು ಒಂದಂಗುಲವೂ ಮುಂದಕ್ಕೆ ಹೋಗಲಿಲ್ಲ.

ಕರ್ತೃವಿನ ಹೆಸರಿನ ವಿಷಯದಲ್ಲಿ ಅವರಿಗಿದ್ದ ಶ್ರದ್ಧೆಗೆ ಇನ್ನೊಂದು ನಿದರ್ಶನ ಹೊಯ್ಸಳ ದೇವಾಲಯಗಳು. ಸೋಮನಾಥಪುರವನ್ನು ಕುರಿತ ಅವರ ಪುಸ್ತಿಕೆ 1917ರಲ್ಲಿ, ಬೇಲೂರನ್ನು ಕುರಿತದ್ದು 1919ರಲ್ಲಿ ಪ್ರಕಟವಾದವು. ವಿಗ್ರಹಗಳ ಪೀಠದಲ್ಲಿ ಕೊರೆದಿದ್ದ ಚಿಕ್ಕ ಚಿಕ್ಕ ಅಕ್ಷರಗಳನ್ನು ಓದಿ, ಇದು ಮಲ್ಲಿತಮ್ಮನದು, ಇದು ಬಳ್ಳಿಗಾವೆಯ ದಾಸೋಜನದು, ಇದು ಅವನ ಮಗ ಚಾವಣನದು ಎಂದು ಅವರು ಪಟ್ಟಿಮಾಡಿದರು. ಕಟ್ಟಿಸಿದ ಅರಸರ, ದಂಡನಾಯಕರ ಹೆಸರು ಎಲ್ಲರಿಗೂ ತಿಳಿದಿದ್ದವು. ಕಡೆದವನ ಹೆಸರು ಅವನ ಕೆಲಸದ ಪಕ್ಕದಲ್ಲಿ ಗ್ರಂಥಸ್ಥವಾದುದು ಈ ಓದಿನಿಂದ.

ನಿವೃತ್ತಿಯ ಅನಂತರವೂ ಅವರ ಕೆಲಸ ನಿಲ್ಲಲಿಲ್ಲ. ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತ ಅವರ ಇಂಗ್ಲಿಷ್ ಉಪನ್ಯಾಸಗಳು 1934ರಲ್ಲಿ ಗ್ರಂಥರೂಪ ಪಡೆದವು. 1936ರಲ್ಲಿ ಅವರು ನಿಧನರಾದರು. ಸಾಹಿತ್ಯ ಚರಿತ್ರೆಯನ್ನು ಕುರಿತ ಗ್ರಂಥ 1940ರಲ್ಲಿ, ಅವರಿಲ್ಲದೆಯೇ ಬೆಳಕು ಕಂಡಿತು.

ನಾನು ವಾಸವಾಗಿರುವ ಶಂಶಾಬಾದಿನಿಂದ ಉತ್ತರಕ್ಕೆ, ಹೈದರಾಬಾದನ್ನು ದಾಟಿ, ಸುಮಾರು 200 ಕಿಲೋಮೀಟರು ಹೋದರೆ ಕರೀಂನಗರದ ಆಚೆ ಕುರಿಕ್ಯಾಲ ಎಂಬ ಗ್ರಾಮ. ಅಲ್ಲಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬರೆಯಿಸಿದ ಶಾಸನವಿದೆ. ನರಸಿಂಹಾಚಾರ್ಯರು ಗತಿಸಿ ಕೆಲವು ದಶಕಗಳಾದ ಮೇಲೆ ಅದು ವಿದ್ವಾಂಸರ ಗಮನಕ್ಕೆ ಬಂದಿತು. ಪಂಪನಿಗೆ ಜಿನವಲ್ಲಭನೆಂಬ ತಮ್ಮನಿದ್ದನೆಂಬುದು, ತಾಯಿಯ ಹೆಸರು ಅಬ್ಬಣಬ್ಬೆಯೆಂಬುದು, ಆಕೆಯ ಮನೆತನ ಅಣ್ಣಿಗೇರಿಯದೆಂಬುದು ಅದರಿಂದ ತಿಳಿದವು. ಕವಿಚರಿತೆಯ ಪಂಪನ ಪ್ರಕರಣದಲ್ಲಿ ಇವಾವುವೂ ಇಲ್ಲ. ಇವುಗಳ ಸ್ಥಾನದಲ್ಲಿ ಕಲ್ಪನೆಯೂ ಇಲ್ಲ. ಆ ಗುಡ್ಡವನ್ನು ಹತ್ತಿ ನೋಡಿಬಂದ ದಿನ ನಾನು ಮನೆಯಲ್ಲಿ ಮೊದಲ ಸಂಪುಟವನ್ನು ತೆರೆದು ಆ ಪ್ರಕರಣವನ್ನು ಇನ್ನೊಮ್ಮೆ ಓದಿದೆ. ಹೊಸ ವಿಷಯವನ್ನು ಸೇರಿಸಲು ಹಳೆಯ ವಾಕ್ಯವೊಂದನ್ನೂ ಹೊಡೆದುಹಾಕಬೇಕಾಗಿ ಬರಲಿಲ್ಲ; ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಾಯಿಯ ಹೆಸರು ಬರೆದು, ಪಕ್ಕದಲ್ಲಿ ಕುರಿಕ್ಯಾಲ ಎಂದು ಆಕರವನ್ನು ಗುರುತಿಸಿಟ್ಟೆ.