ಡೀಸೆಲ್ ಎಂಬ ಮನುಷ್ಯ

ರಾಜಾಜಿನಗರದಲ್ಲಿ ನಮ್ಮ ಮನೆಯಿದ್ದ ಬೀದಿ ಕೊಂಚ ಇಳಿಜಾರಾದುದು. ನನ್ನ ಬಾಲ್ಯದಲ್ಲಿ, ಎಂದರೆ 1980ರ ದಶಕದ ಕೊನೆಯ ವರ್ಷಗಳಲ್ಲಿ, ಆ ಬೀದಿಯ ನೆತ್ತಿಯ ಮೇಲೆ ಒಂದು ಹಳೆಯ ಬೆಂಜ್ ಲಾರಿ ರಾತ್ರಿಯೆಲ್ಲ ನಿಂತಿರುತ್ತಿತ್ತು. ಅದು ಅಲ್ಲಿಯೇ ಏಕೆ ನಿಲ್ಲುತ್ತಿತ್ತೆಂಬುದು ನನಗೆ ತಿಳಿದದ್ದು ಒಂದು ಧನುರ್ಮಾಸದ ಮುಂಜಾನೆ. ಬೆಂಗಳೂರಿನ ಚಳಿ ಚಳಿಯೇ ಅಲ್ಲವೆಂದು ಉತ್ತರದೇಶದವರು ನಗುತ್ತಾರೆ. ಆದರೂ ಈ ಊರು 1884ರ ಜನವರಿಯಲ್ಲಿ 7.8 ಡಿಗ್ರಿಯ ಶೀತವನ್ನು ಕಂಡದ್ದುಂಟು; ಮನೆಮನೆಯ ತೆಂಗಿನೆಣ್ಣೆಯ ಸೀಸೆಗಳು ಡಿಸೆಂಬರಿನಲ್ಲಿ ಹೆಪ್ಪುಗಟ್ಟಿ ಬಿಸಿಲನ್ನು ಕಾಯುವುದಂತೂ ಎಲ್ಲರೂ ಬಲ್ಲ ಸಂಗತಿ. ಅಂಥ ಮುಂಜಾನೆಗಳಲ್ಲಿ ಆ ಲಾರಿ ಸುಲಭವಾಗಿ ಎಚ್ಚರಗೊಳ್ಳುತ್ತಿರಲಿಲ್ಲ. ಹಳೆಯ ಬ್ಯಾಟರಿ ನಾಲ್ಕು ಬಾರಿ ನರಳಿ ಸುಮ್ಮನಾಗುತ್ತಿತ್ತು. ನಾವು ಹುಡುಗರು ಡ್ರೈವರ್ ಮಾಮ ಎಂದು ಕರೆಯುತ್ತಿದ್ದ ಅದರ ಚಾಲಕ ಆಗ ಕೆಳಗಿಳಿದು, ಚಕ್ರದಡಿಯ ಕಲ್ಲನ್ನು ತೆಗೆದು, ಲಾರಿಯನ್ನು ಇಳಿಜಾರಿನಲ್ಲಿ ಉರುಳಬಿಡುತ್ತಿದ್ದ. ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಅದು ಒಮ್ಮೆ ಮುಗ್ಗರಿಸಿ, ಕೆಮ್ಮಿ, ಬೆಳ್ಳನೆಯ ಹೊಗೆಯನ್ನು ಮನೆಗಳ ಕಿಟಕಿಗಳಿಗೆಲ್ಲ ಉಗುಳಿ ಹೊರಡುತ್ತಿತ್ತು. ತಾಯಂದಿರು ಬೈಯುತ್ತಿದ್ದರು, ನಮಗೆ ಅದೇ ಹಬ್ಬ.

ಆ ಬೆಳ್ಳನೆಯ ಹೊಗೆ ಉರಿಯದೆ ಹೊರಬಿದ್ದ ಎಣ್ಣೆಯ ಆವಿಯೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ. ಅದಕ್ಕೂ ನಿಮಿತ್ತವಾದದ್ದು ವ್ಯಾಕರಣದ ಪಾಠ. ತರಗತಿಯಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳನ್ನು ವಿವರಿಸುತ್ತಿದ್ದಾಗ, ಅಂಕಿತನಾಮವೊಂದು ರೂಢನಾಮವಾಗಿಬಿಡಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಆ ಪ್ರಶ್ನೆಗೆ ಉದಾಹರಣೆ ಹುಡುಕುತ್ತ ಹೋದಾಗ ನನಗೆ ಸಿಕ್ಕಿದವನು ರುಡಾಲ್ಫ್ ಡೀಸೆಲ್. ಅವನ ಹೆಸರು ನಮ್ಮ ಬಾಯಲ್ಲಿ ಯಂತ್ರಕ್ಕೂ ಅಲ್ಲ, ಆ ಯಂತ್ರ ಕುಡಿಯುವ ಎಣ್ಣೆಗೆ ನಿಂತಿದೆ. ದಿನಕ್ಕೆ ಹತ್ತು ಸಲ ಆ ಹೆಸರನ್ನು ಉಚ್ಚರಿಸುವವರಲ್ಲಿ ಅದೊಬ್ಬ ಮನುಷ್ಯನ ಹೆಸರೆಂದು ಬಲ್ಲವರು ವಿರಳ.

ಆತ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ಸಿನಲ್ಲಿ. ತಂದೆತಾಯಿಗಳು ಬವೇರಿಯದಿಂದ ಬಂದು ಅಲ್ಲಿ ನೆಲಸಿದ್ದವರು. ತಂದೆ ಥಿಯೋಡೋರ್ ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬಿನವನು. ಬಾಲಕ ರುಡಾಲ್ಫ್ ಸಿದ್ಧವಾದ ಸಾಮಾನುಗಳನ್ನು ಕೈಗಾಡಿಯಲ್ಲಿ ಗಿರಾಕಿಗಳ ಮನೆಗೆ ಮುಟ್ಟಿಸುತ್ತ, ಬಿಡುವಾದಾಗ ನಗರದ ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ ನಿಲ್ಲುತ್ತಿದ್ದ. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡಿತು. ನಿನ್ನೆಯವರೆಗೆ ನೆರೆಯವರಾಗಿದ್ದವರು ಒಂದು ದಿನದಲ್ಲಿ ಪರಕೀಯರಾದರು. ಸಂಸಾರ ಲಂಡನ್ನಿಗೆ ಓಡಿತು. ಅಲ್ಲಿ ಹೊಟ್ಟೆ ಹೊರೆಯುವುದೇ ದುಸ್ತರವಾದುದರಿಂದ 12 ವರ್ಷದ ಹುಡುಗನನ್ನು ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿಕೊಟ್ಟರು. ಆ ಮನೆಯ ಯಜಮಾನ ಬಾರ್ನಿಕೆಲ್ ಗಣಿತದ ಉಪಾಧ್ಯಾಯ. ಅನ್ಯರ ಮನೆಯ ಅನ್ನ ಉಂಡು ಓದಿದ ಮಕ್ಕಳಲ್ಲಿ ಒಂದು ಬಗೆಯ ಹಟ ಬೆಳೆಯುತ್ತದೆ. ನಮ್ಮ ನಾಡಿನಲ್ಲಿ ವಾರಾನ್ನದ ತಲೆಮಾರಿನವರ ಜೀವನಚರಿತ್ರೆಗಳನ್ನು ಓದಿದವರಿಗೆ ಅದು ಪರಿಚಿತ. ಹುಡುಗ ತರಗತಿಗೆ ಮೊದಲಿಗನಾಗಿ, ವಿದ್ಯಾರ್ಥಿವೇತನ ಪಡೆದು, ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದ.

ಅಲ್ಲಿ ಅವನಿಗೆ ದೊರೆತ ಗುರು ಕಾರ್ಲ್ ಲಿಂಡೆ, ಶೀತಯಂತ್ರಗಳ ಶಾಸ್ತ್ರವನ್ನು ಕಟ್ಟಿದವನು. ಉಗಿಯಂತ್ರವು ತಾನು ನುಂಗುವ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ 10 ಪಾಲನ್ನೂ ಕೆಲಸವಾಗಿ ಹಿಂದಿರುಗಿಸುವುದಿಲ್ಲ, ಉಳಿದದ್ದೆಲ್ಲ ಹೊಗೆಗೂಡಿನ ಪಾಲು ಎಂಬ ಸಂಗತಿ ಲಿಂಡೆಯ ಪಾಠದಲ್ಲಿ ಡೀಸೆಲ್ಲನ ಕಿವಿಗೆ ಬಿತ್ತು. ಅಂದಿನಿಂದ ಅದು ಅವನನ್ನು ಬಿಡಲಿಲ್ಲ. ವಿಷಮಶೀತಜ್ವರದಿಂದ ಪರೀಕ್ಷೆ ತಪ್ಪಿ, 1880ರಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ, ಗುರುವಿನ ಮಂಜುಗಡ್ಡೆಯ ಕಾರಖಾನೆಯನ್ನು ನೋಡಿಕೊಳ್ಳಲು ಪ್ಯಾರಿಸ್ಸಿಗೇ ಮರಳಿದ. 1883ರಲ್ಲಿ ಮಾರ್ತಾ ಫ್ಲಾಷೆ ಎಂಬಾಕೆಯನ್ನು ಮದುವೆಯಾದ; ಮೂವರು ಮಕ್ಕಳಾದರು. ಹಗಲೆಲ್ಲ ಶೀತವನ್ನು ತಯಾರಿಸುವ ಕೆಲಸ, ರಾತ್ರಿಯೆಲ್ಲ ಶಾಖದ ಧ್ಯಾನ. ಹತ್ತು ವರ್ಷ ಹೀಗೆಯೇ ಕಳೆಯಿತು. ಅಮೋನಿಯದಿಂದ ನಡೆಯುವ ಯಂತ್ರವೊಂದನ್ನು ಮಾಡಹೋಗಿ, ಅದು ಸಿಡಿದು, ಆಸ್ಪತ್ರೆಯಲ್ಲಿ ಮಲಗಿದ್ದೂ ಉಂಟು.

ಅವನ ಮುಖ್ಯ ಕಲ್ಪನೆಯನ್ನು ವಿವರಿಸಲು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಸಾಕು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಪಂಪಿನ ಬುಡವನ್ನು ಮುಟ್ಟಿದವರಿಗೆ ಇದು ಗೊತ್ತು. ಆಗ್ನೇಯ ಏಷ್ಯದ ಜನ ಇದೇ ಗುಟ್ಟಿನಿಂದ ಬೆಂಕಿ ಮಾಡುತ್ತಿದ್ದರು: ಒಂದು ಕಿರಿದಾದ ಕೊಳವೆ, ಅದರೊಳಗೆ ಬಿಗಿಯಾಗಿ ಕೂರುವ ಒಂದು ಕೋಲು, ಕೋಲಿನ ತುದಿಯಲ್ಲಿ ಚೂರು ಹತ್ತಿ. ರಪ್ಪನೆ ಒತ್ತಿದರೆ ಹತ್ತಿ ಹೊತ್ತಿಕೊಳ್ಳುವುದು. ನಮ್ಮವರು ಅರಣಿಯನ್ನು ಕಡೆದು ಬೆಂಕಿ ಪಡೆದರು, ಅವರು ಗಾಳಿಯನ್ನೇ ಒತ್ತಿ ಪಡೆದರು. ಅಂಥದೊಂದು ಕೊಳವೆಯನ್ನು ಡೀಸೆಲ್ ಕಂಡಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಅತಿಯಾಗಿ ಒತ್ತಿ, ಅದು ಕೆಂಡದಷ್ಟು ಕಾದಾಗ ಎಣ್ಣೆಯನ್ನು ಸಿಂಪಡಿಸಿದರೆ, ಕಿಡಿಯ ಹಂಗಿಲ್ಲದೆ ಅದು ತಾನಾಗಿ ಹೊತ್ತಿಕೊಳ್ಳಬೇಕು. ಅದೇ ಅವನ ಯಂತ್ರ. ಆ ಕಾಲದಲ್ಲಿಯೇ ಇಂಗ್ಲೆಂಡಿನ ಆಕ್ರಾಯ್ಡ್ ಸ್ಟುವರ್ಟ್ ಎಂಬಾತನೂ ಎಣ್ಣೆಯ ಯಂತ್ರವೊಂದನ್ನು ರಚಿಸಿದ್ದ. ಆದರೆ ಅದನ್ನು ಹೊರಡಿಸುವ ಮುನ್ನ ಅದರ ತಲೆಯ ಮೇಲಿನ ಬುರುಡೆಯನ್ನು ದೀಪದ ಜ್ವಾಲೆ ಹಿಡಿದು ಕಾಯಿಸಬೇಕಾಗಿತ್ತು. ಡೀಸೆಲ್ಲನಿಗೆ ಹೊರಗಿನ ಬೆಂಕಿ ಬೇಡವಾಗಿತ್ತು.

1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ಅದು ದೊರೆಯಿತು, ತನ್ನ ಸಿದ್ಧಾಂತದ ಪುಸ್ತಕವನ್ನೂ ಪ್ರಕಟಿಸಿದ. ಆಗ್ಸ್‌ಬರ್ಗಿನ ಯಂತ್ರ ಕಾರಖಾನೆಯೂ ಕ್ರುಪ್ ಸಂಸ್ಥೆಯೂ ಹಣ ಹೂಡಲು ಒಪ್ಪಿದವು. ಕಾಗದದ ಮೇಲೆ ಆತ ಬಯಸಿದ್ದ ಒತ್ತಡ ವಾಯುಮಂಡಲದ 250ರಷ್ಟು. ಅಂಥ ಒತ್ತಡವನ್ನು ತಾಳುವ ಕಬ್ಬಿಣ ಯಾರಲ್ಲಿಯೂ ಇರಲಿಲ್ಲ. ಅದು ಕಡೆಗೆ 30-40ರ ಆಸುಪಾಸಿಗೆ ಇಳಿಯಿತು. 1893ರ ಆಗಸ್ಟ್ 10ರ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನಳೆಯುವ ಉಪಕರಣವೇ ಚೂರುಚೂರಾಗಿ ಹಾರಿತು. ಪಕ್ಕದಲ್ಲಿದ್ದವರು ಬದುಕಿದ್ದು ಪುಣ್ಯ. ಆದರೂ ಎಣ್ಣೆ ಹೊತ್ತಿಕೊಂಡಿತ್ತು, ಅವನಿಗೆ ಅಷ್ಟು ಸಾಕಾಯಿತು. 1894ರ ಫೆಬ್ರವರಿ 17ರಂದು ಯಂತ್ರ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ತಿರುಗಿತು. ಅದನ್ನು ತಿರುಗಿಸಲೆಂದು ಹಾಕಿದ್ದ ಪಟ್ಟಿಯನ್ನು ಯಂತ್ರವೇ ಎಳೆಯತೊಡಗಿದ್ದನ್ನು ಮೊದಲು ಗಮನಿಸಿದ ಕೆಲಸಗಾರನೊಬ್ಬ ಮಾತಾಡದೆ ಟೊಪ್ಪಿಗೆಯನ್ನು ತೆಗೆದನಂತೆ. ಇನ್ನೂ ಮೂರು ವರ್ಷ ದುಡಿದ ಮೇಲೆ, 1897ರ ಫೆಬ್ರವರಿಯಲ್ಲಿ ಮ್ಯೂನಿಕ್ಕಿನ ಪ್ರೊಫೆಸರ್ ಷ್ರೋಟರ್ ಅದನ್ನು ಪರೀಕ್ಷಿಸಿ, ಶಾಖದ ನೂರಕ್ಕೆ 26.2 ಪಾಲು ಕೆಲಸವಾಗುತ್ತಿದೆಯೆಂದು ದೃಢಪಡಿಸಿದ.

ಇಲ್ಲಿ ನಮ್ಮ ಬೀದಿಯ ಲಾರಿಗೆ ಮರಳಬೇಕು. ಹೊರಗಿನ ಬೆಂಕಿಯನ್ನು ಬೇಡವೆಂದ ಯಂತ್ರಕ್ಕೆ ಶೀತವೇ ದೊಡ್ಡ ಶತ್ರು. ಒತ್ತಿದ ಗಾಳಿಯಲ್ಲಿ ಹುಟ್ಟಿದ ಶಾಖವನ್ನು ತಣ್ಣಗಾದ ಉಕ್ಕಿನ ಗೋಡೆ ಆ ಕ್ಷಣವೇ ಹೀರಿಕೊಳ್ಳುತ್ತದೆ. ಕೀಲೆಣ್ಣೆ ಮಂದವಾಗಿ ಯಂತ್ರ ನಿಧಾನವಾಗಿ ತಿರುಗುತ್ತದೆ. ನಿಧಾನವಾದಷ್ಟೂ ಶಾಖ ಸೋರಿಹೋಗಲು ಬಿಡುವು ಹೆಚ್ಚು. ಬ್ಯಾಟರಿಯೂ ಚಳಿಗೆ ಸೊರಗುತ್ತದೆ. ಶೀತ ಇನ್ನೂ ಏರಿದರೆ ಡೀಸೆಲ್ಲಿನೊಳಗಿನ ಮೇಣ ನಮ್ಮ ತೆಂಗಿನೆಣ್ಣೆಯಂತೆ ಬೆಳ್ಳಗೆ ಕಟ್ಟಿಕೊಂಡು ಫಿಲ್ಟರನ್ನು ಮುಚ್ಚಿಬಿಡುತ್ತದೆ. ಡ್ರೈವರ್ ಮಾಮ ಸೇಬು ತರಲೆಂದು ಕಾಶ್ಮೀರಕ್ಕೆ ಹೋಗಿಬಂದವನು. ಬನಿಹಾಲಿನ ಆಚೆ ಕಾಜಿಗುಂಡಿನಲ್ಲಿ ಹಿಮ ಬಿದ್ದು ರಸ್ತೆ ಕಟ್ಟಿದ ರಾತ್ರಿಗಳ ಕಥೆಯನ್ನು ಅವನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಯಾರೂ ಎಂಜಿನ್ನನ್ನು ಆರಿಸುತ್ತಿರಲಿಲ್ಲವಂತೆ. ಎಣ್ಣೆ ಮುಗಿಯುವ ಭಯದಿಂದ ಆರಿಸಿದವನು ಬೆಳಗ್ಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಆಯಿಲ್ ಚೇಂಬರಿನ ಕೆಳಗೆ ಇಡಬೇಕು. ರೇಡಿಯೇಟರಿಗೆ ಗೋಣಿ ಹೊದಿಸಿ, ಕುದಿನೀರು ಹೊಯ್ಯಬೇಕು. ಟ್ಯಾಂಕಿಗೆ ಒಂದಿಷ್ಟು ಸೀಮೆಎಣ್ಣೆ ಬೆರೆಸಬೇಕು. ಒಮ್ಮೆ ಅವನ ಕ್ಲೀನರ್ ಹುಡುಗ ಕೆಂಡವನ್ನು ಟ್ಯಾಂಕಿನ ತೀರ ಹತ್ತಿರಕ್ಕೆ ತಳ್ಳಿ, ಸೋರಿದ್ದ ಎಣ್ಣೆಗೆ ಉರಿ ತಗುಲಿ, ಇಬ್ಬರೂ ಹಿಮವನ್ನೇ ಬಾಚಿ ಬಾಚಿ ಎರಚಿ ಆರಿಸಿದರಂತೆ. ಅವನ ಎಡ ಮುಂಗೈಯ ಮೇಲಿನ ಕಲೆ ಆ ರಾತ್ರಿಯದು. ಇಂದು ಅಷ್ಟು ಪಾಡಿಲ್ಲ. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಲಡಾಖಿಗೆ ಕಳುಹಿಸಲಾರಂಭಿಸಿತು.

ವಿಚಿತ್ರವೆಂದರೆ ಡೀಸೆಲ್ ಸ್ವತಃ ಈ ತೊಂದರೆಯ ಇನ್ನೊಂದು ಮುಖವನ್ನು ಕಂಡಿದ್ದ. ಶಾಖ ಒಂದಿಷ್ಟೂ ವ್ಯರ್ಥವಾಗಬಾರದೆಂದು ಮೊದಲ ಯಂತ್ರವನ್ನು ತಂಪುಗೊಳಿಸಲು ನೀರಿನ ಏರ್ಪಾಡನ್ನೇ ಮಾಡಿರಲಿಲ್ಲ. ಅದು ನಡೆಯಲಿಲ್ಲ. ಕಡೆಗೆ ನೀರಿನ ಹೊದಿಕೆ ಹಾಕಲೇಬೇಕಾಯಿತು.

ಲಾರಿಯ ಮೇಲೆ ತನ್ನ ಯಂತ್ರವನ್ನು ಆತ ಕಾಣಲೇ ಇಲ್ಲ. ಎಣ್ಣೆಯನ್ನು ಊದಿ ಒಳನುಗ್ಗಿಸಲು ಪ್ರತ್ಯೇಕ ಗಾಳಿಯಂತ್ರ ಬೇಕಾಗಿದ್ದುದರಿಂದ ಅದು ಕಾರಖಾನೆಗೂ ಹಡಗಿಗೂ ಸರಿಹೋಗುವಷ್ಟು ಭಾರವಾಗಿತ್ತು. ಬೆಂಜ್ ಮತ್ತು ಎಂ.ಎ.ಎನ್. ಕಂಪನಿಗಳು ಡೀಸೆಲ್ ಲಾರಿಗಳನ್ನು ಹೊರತಂದದ್ದು 1923-24ರಲ್ಲಿ. ಆದರೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ನಡೆದುದನ್ನು ಕಡಲೆಕಾಯಿ ಪರಿಷೆಯ ಊರಿನವರಾದ ನಾವು ಮರೆಯಬಾರದು: ಅಲ್ಲೊಂದು ಸಣ್ಣ ಡೀಸೆಲ್ ಯಂತ್ರ ಕಡಲೆಕಾಯಿ ಎಣ್ಣೆಯಿಂದ ನಡೆಯಿತು. ಹಳ್ಳಿಯವರು ತಾವೇ ಬೆಳೆದ ಎಣ್ಣೆಯಿಂದ ಯಂತ್ರ ನಡೆಸುವ ಕಾಲ ಬರಬಹುದೆಂದು ಡೀಸೆಲ್ಲನೂ ಬಳಿಕ ನಂಬಿದ್ದ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಹೊಂಗೆಯೆಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ನಡೆಸಿ ತೋರಿಸಿದ್ದು ಆ ದಾರಿಯಲ್ಲಿಯೇ.

ಐಶ್ವರ್ಯ ಬಂದದ್ದೂ ಬೇಗ, ಹೋದದ್ದೂ ಬೇಗ. 1898ರಲ್ಲಿ ತನ್ನ ಹಕ್ಕುಗಳನ್ನು ಹೊಸ ಸಂಸ್ಥೆಯೊಂದಕ್ಕೆ 35 ಲಕ್ಷ ಮಾರ್ಕುಗಳಿಗೆ ಒಪ್ಪಿಸಿದ. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದ. ಎಣ್ಣೆಬಾವಿಗಳಲ್ಲಿಯೂ ಭೂಮಿಯ ವ್ಯಾಪಾರದಲ್ಲಿಯೂ ಹಣ ತೊಡಗಿಸಿ ಕಳೆದುಕೊಂಡ. ಸಿಲಿಂಡರಿನೊಳಗೆ ಒಂದು ಡಿಗ್ರಿ ಶಾಖ ಸೋರಿದರೂ ಸಹಿಸದವನು ಮನೆಯ ಲೆಕ್ಕದಲ್ಲಿ ಅಷ್ಟು ಸೋರಿಕೆಯನ್ನು ಹೇಗೆ ತಾಳಿದನೋ ಎಂದು ನನಗೆ ಅನ್ನಿಸುವುದುಂಟು. ಕಲ್ಪನೆಯೇ ಅವನದಲ್ಲವೆಂದು ವಾದಿಸುವವರು ಎದ್ದರು. ಲ್ಯೂಡರ್ಸ್ ಎಂಬ ಪ್ರೊಫೆಸರು 1913ರಲ್ಲಿ ಇಡೀ ಪುಸ್ತಕವನ್ನೇ ಬರೆದ. ಆ ಆಕ್ಷೇಪದಲ್ಲಿ ಒಂದಂಶ ನಿಜ: ಪೇಟೆಂಟಿನಲ್ಲಿ ವರ್ಣಿಸಿದ ದಹನವೂ ಯಂತ್ರದಲ್ಲಿ ನಡೆದ ದಹನವೂ ಒಂದೇ ಅಲ್ಲ. ಆದರೆ ನಾಲ್ಕು ವರ್ಷ ಆ ಯಂತ್ರದ ಮುಂದೆ ನಿಂತವನು ಅವನೇ ಹೊರತು ಪುಸ್ತಕ ಬರೆದವನಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನು ಹತ್ತಿ, ಇಬ್ಬರು ಸಂಗಡಿಗರೊಡನೆ ಇಂಗ್ಲೆಂಡಿಗೆ ಹೊರಟ. ಊಟವಾಯಿತು. ಬೆಳಗ್ಗೆ ಆರೂಕಾಲಕ್ಕೆ ಎಬ್ಬಿಸಬೇಕೆಂದು ಹೇಳಿ ರಾತ್ರಿ 10 ಗಂಟೆಯ ಹೊತ್ತಿಗೆ ಕೋಣೆಗೆ ಹೋದ. ಬೆಳಗ್ಗೆ ಹಾಸಿಗೆ ಮಲಗಿದ ಗುರುತಿಲ್ಲದೆ ಇತ್ತು. ಟೊಪ್ಪಿಗೆಯೂ ಮೇಲಂಗಿಯೂ ಹಡಗಿನ ಅಟ್ಟದ ಮೇಲೆ ಮಡಿಸಿದಂತೆ ಬಿದ್ದಿದ್ದವು. ದಿನಚರಿಯಲ್ಲಿ ಆ ತಾರೀಖಿಗೆ ಒಂದು ಅಡ್ಡಗೀಟಿನ ಗುರುತಿತ್ತು. ಇಂಗ್ಲಿಷರು ಕೊಂದರು, ಎಣ್ಣೆಯ ಧನಿಕರು ಕೊಲ್ಲಿಸಿದರು ಎಂದು ಪತ್ರಿಕೆಗಳು ಬಗೆಬಗೆಯಾಗಿ ಬರೆದವು, ಇಂದಿಗೂ ಬರೆಯುತ್ತಿವೆ. ಹೊರಡುವ ಮೊದಲು ಆತ ಹೆಂಡತಿಯ ಕೈಗೆ ಒಂದು ಚೀಲ ಕೊಟ್ಟು ಮುಂದಿನ ವಾರದವರೆಗೆ ತೆರೆಯಬೇಡವೆಂದಿದ್ದ. ಅದರಲ್ಲಿದ್ದದ್ದು 20,000 ಮಾರ್ಕು ನಗದು, ಬರಿದಾದ ಬ್ಯಾಂಕಿನ ಲೆಕ್ಕಗಳು. ಈ ಚೀಲದ ವಿಷಯ ತಿಳಿದ ಮೇಲೆ ನನಗೆ ಕೊಲೆಯ ಕಥೆಗಳಲ್ಲಿ ನಂಬಿಕೆ ಉಳಿಯಲಿಲ್ಲ. ಸುಮಾರು 10 ದಿನಗಳ ಮೇಲೆ ಡಚ್ಚರ ದೋಣಿಯೊಂದಕ್ಕೆ ಶವ ಕಂಡಿತು. ನಾವಿಕರು ಜೇಬಿನಲ್ಲಿದ್ದ ಕನ್ನಡಕದ ಪೆಟ್ಟಿಗೆ, ಚಾಕು, ಮಾತ್ರೆಯ ಡಬ್ಬಿಗಳನ್ನು ತೆಗೆದುಕೊಂಡು ದೇಹವನ್ನು ಕಡಲಿಗೇ ಒಪ್ಪಿಸಿದರು. ಆ ವಸ್ತುಗಳು ತಂದೆಯವೇ ಎಂದು ಕಿರಿಯ ಮಗ ಆಯ್ಗೆನ್ ಗುರುತಿಸಿದ.

ಡ್ರೈವರ್ ಮಾಮ ಈಗ ಕೆಂಗೇರಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ವಯಸ್ಸು 80 ದಾಟಿದೆ. ಕಳೆದ ಚಳಿಗಾಲದಲ್ಲಿ ಅವನನ್ನು ನೋಡಲು ಹೋದಾಗ ಈ ಕಥೆಯನ್ನೆಲ್ಲ ಹೇಳಿದೆ. 40 ವರ್ಷ ಡೀಸೆಲ್ ಹಾಕಿಸಿದವನಿಗೆ ಅದೊಂದು ಹೆಸರೆಂಬುದೇ ಹೊಸದು. ಯಂತ್ರದ ಭಾಗವನ್ನು ತಲೆದೂಗುತ್ತ ಕೇಳಿದ. ಇಳಿಜಾರಿನಲ್ಲಿ ಉರುಳಬಿಟ್ಟರೆ ಎಲ್ಲ ಯಂತ್ರವೂ ದಾರಿಗೆ ಬರುತ್ತದೆಂದು ನಡುವೆ ಒಮ್ಮೆ ಸೇರಿಸಿದ. ಕಡಲಿನ ಭಾಗ ಬಂದಾಗ ಕೈಯ ಕಲೆಯನ್ನು ಸವರಿಕೊಳ್ಳುತ್ತ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನು ಕೇಳಿದ್ದು ಒಂದೇ: ಆ ಹೆಂಗಸಿನ, ಮಕ್ಕಳ ಗತಿ ಏನಾಯಿತೆಂದು. ಸಾಲಗಾರರು ಬಂದರೆಂದೂ, ಕಿರಿಯ ಮಗ ಬೆಳೆದು ಲೇಖಕನಾಗಿ 1937ರಲ್ಲಿ ತಂದೆಯ ಜೀವನಚರಿತ್ರೆಯನ್ನು ಬರೆದನೆಂದೂ ಹೇಳಿದೆ.